ಬೀದಿ ಬರೆದ ಪರೀಕ್ಷೆ

ಆಗಸ್ಟ್ 4

ಅತ್ತೆಯವರಿಗೆ ನಮಸ್ಕಾರ.

ಹಾಸ್ಟೆಲಿನಲ್ಲಿ ನನಗೆ ಕೊಟ್ಟ ಕೋಣೆಗೆ ಒಂದೇ ಕಿಟಕಿ, ಅದೂ ಸೈಕಲ್ ನಿಲ್ಲಿಸುವ ಶೆಡ್ಡಿನ ಕಡೆಗೆ. ಜೊತೆಯವರು ಕೆಳಗಿನ ಫೋನಿನ ಮುಂದೆ ಸಾಲು ನಿಂತು ಮನೆಗೆ ಮಾತಾಡುವಾಗ ನನಗೆ ಹೊಟ್ಟೆಕಿಚ್ಚು. ನಾನೂ ನಮ್ಮ ಆರೋಗ್ಯ ಕೇಂದ್ರದ ನರ್ಸಮ್ಮನ ಕೋಣೆಯ ಫೋನಿಗೆ ಮಾಡಬಹುದು. ಆದರೆ ಗಿರಣಿಯ ಮಗ್ಗಗಳು ನಿಮ್ಮ ಕಿವಿ ತಿಂದುಹಾಕಿವೆಯಲ್ಲ, ನಿಮ್ಮ ಬೈಗುಳವನ್ನು ಅಂಚೆಯಲ್ಲೇ ತರಿಸಿಕೊಳ್ಳಬೇಕು.

‘ಸಮುದಾಯ ಸುಸ್ಥಿರತೆ ಅಂದರೆ ಏನು, ಅದಕ್ಕೂ ಒಂದು ಎಂ.ಎ. ಬೇಕೇ’ ಎಂದು ಹೋದ ಸಲ ಕೇಳಿದ್ದಿರಿ. ಹೊರಗಿನವರು ಕೈಬಿಟ್ಟ ಮೇಲೂ ಒಂದು ಬೀದಿ ಹೇಗೆ ಉಳಿದುಕೊಳ್ಳುತ್ತದೆ, ತನ್ನ ನೀರು, ತನ್ನ ಕಸ, ತನ್ನ ಕಾಯಿಲೆಯವರು, ತನ್ನ ಮಕ್ಕಳು, ಇಷ್ಟನ್ನೂ ಹೇಗೆ ಸಂಭಾಳಿಸುತ್ತದೆ ಎಂಬುದನ್ನು ಓದುವುದು ಅಷ್ಟೇ. ಗಿರಣಿ ಮುಚ್ಚಿದ ಮೇಲೆ ನಮ್ಮ ಬೀದಿ ಮಾಡಿದ್ದು ಅದನ್ನೇ ಅಲ್ಲವೇ? ನಿಮ್ಮ ಮಗ ತೀರಿಕೊಂಡ ವರ್ಷ ನಮ್ಮ ಒಲೆ ಉರಿದದ್ದೇ ಅಕ್ಕಪಕ್ಕದವರ ಸೌದೆಯಿಂದ. ಅದಕ್ಕೇ ನನ್ನ ಪ್ರಬಂಧಕ್ಕೆ ನಮ್ಮ ಬೀದಿಯನ್ನೇ ಆರಿಸಿಕೊಂಡಿದ್ದೇನೆ.

ಆದರೆ ಇಲ್ಲೊಂದು ನಿಯಮವಿದೆ. ಸ್ವಂತ ಮನೆಯವರನ್ನು, ನೆರೆಯವರನ್ನು ನಾನೇ ಪ್ರಶ್ನೆ ಕೇಳುವ ಹಾಗಿಲ್ಲ. ದಾಕ್ಷಿಣ್ಯಕ್ಕೆ ಉತ್ತರ ಕೊಡುತ್ತಾರಂತೆ! ಹಾಗಾಗಿ ನನ್ನ ಸಹಪಾಠಿಯೊಬ್ಬ, ದಪ್ಪ ಕನ್ನಡಕದವನು, ಪ್ರಶ್ನೆಗಳನ್ನು ಹಿಡಿದುಕೊಂಡು ಮನೆಮನೆಗೂ ಬರುತ್ತಾನೆ. ಬೀದಿಯವರಿಗೆ ನೀವೊಂದು ಮಾತು ಹೇಳಿಡಿ. ನನ್ನ ಪದವಿ ಪೂರ್ತಿ ಈ ಉತ್ತರಗಳ ಮೇಲೇ ನಿಂತಿದೆ.

ನನ್ನ ಮಗಳು, ನಿಮ್ಮ ಪಿಟೀಲು, ಶಾಲೆಗೆ ಹೋಗುವಾಗ ಇನ್ನೂ ಅಳುತ್ತ ರಾಗ ಎಳೆಯುತ್ತಾಳೆಯೇ? ಅವಳ ಕೆನ್ನೆಗೆ ಒಂದು ಮುತ್ತು ಕೊಡಿ. ಓದು ಮುಗಿದು ಕೆಲಸ ಸಿಕ್ಕಿದ ದಿನವೇ ನಿಮ್ಮಿಬ್ಬರನ್ನೂ ಆ ಧೂಳಿನಿಂದ ಎತ್ತಿಕೊಂಡು ಬರುತ್ತೇನೆ.

ನಿಮ್ಮ ಸೊಸೆ


ಆಗಸ್ಟ್ 29

ಸೊಸೆಗೆ,

ನಾನು ಗುಂಡುಕಲ್ಲಿನ ಹಾಗಿದ್ದೇನೆ ಅಂತ ಮೊದಲೇ ಬರೆದುಬಿಡುತ್ತೇನೆ, ಇಲ್ಲದಿದ್ದರೆ ನೀನು ಕೊನೆಯ ಸಾಲಿನ ತನಕ ಅದನ್ನೇ ಹುಡುಕುತ್ತಿರುತ್ತೀಯ. ನಿನ್ನ ಮಗಳು ಶಾಲೆಗೆ ಹೋಗುವಾಗ ಈಗ ಅಳುವುದಿಲ್ಲ, ವಾಪಸು ಬರುವಾಗ ಅಳುತ್ತಾಳೆ. ಅಲ್ಲಿ ಜಾರುಬಂಡೆ ಇದೆ, ಇಲ್ಲಿ ಅಜ್ಜಿ ಇದ್ದಾಳೆ. ಅವಳ ಕಷ್ಟ ಅವಳಿಗೆ.

ನಿನ್ನ ಕನ್ನಡಕದವನು ಬಂದಿದ್ದ. ಒಳ್ಳೆಯವನು, ಪಾಪ. ನಾನು ಕಿವುಡಿ ಅಂತ ಗೊತ್ತಾದ ಮೇಲೆ ಒಂದೊಂದು ಪ್ರಶ್ನೆಯನ್ನೂ ಅರಚಿ ಅರಚಿ ಕೇಳಿದ. ಎದುರು ಮನೆಯವರು ಅಲ್ಲಿಂದಲೇ ಉತ್ತರ ಕೊಟ್ಟುಬಿಟ್ಟರು, ಅವನಿಗೆ ಒಂದು ಮನೆ ಹತ್ತುವ ಶ್ರಮ ಉಳಿಯಿತು.

ಅವನು ಬರುವ ಮುಂಚೆಯೇ ನಲ್ಲಿಯ ಹತ್ತಿರ ಎಲ್ಲರನ್ನೂ ಸೇರಿಸಿ ಹೇಳಿದ್ದೆ, “ನೋಡ್ರಪ್ಪಾ, ಇದು ನಮ್ಮ ಹುಡುಗಿ ಪರೀಕ್ಷೆ. ಅವಳು ಬರೆಯೋ ಹಾಗಿಲ್ಲವಂತೆ, ಅವಳ ಬದಲು ನಾವು ಬರೀಬೇಕಂತೆ. ಒಬ್ಬರೂ ಗೋಳು ತೋಡ್ಕೊಂಡು ಕೂರಬೇಡಿ, ಮಾನ ಕಳೀಬೇಡಿ.” ಪಕ್ಕದ ಮನೆ ದರ್ಜಿ ತಲೆ ಕೆರೆದುಕೊಂಡು, “ಅಕ್ಕಾ, ಸರಿ ಉತ್ತರ ಯಾವುದು ಅಂತ ನಮಗೆ ಹೇಗೆ ಗೊತ್ತಾಗಬೇಕು?” ಅಂದ. “ಮಂಕೇ, ಹೆಣ್ಣು ಕೇಳೋಕೆ ಹೋದಾಗ ಏನೇನು ಹೇಳಿದ್ಯೋ ಹಾಗೇ ಹೇಳು” ಅಂದೆ. ಎಲ್ಲರಿಗೂ ಅರ್ಥವಾಯಿತು.

ದರ್ಜಿಯ ಹೆಂಡತಿ ಆ ಹೊತ್ತಿಗೆ ಮನೆಯಲ್ಲಿರಲಿಲ್ಲ, ಗಿರಣಿ ಗೇಟಿನ ಆರೋಗ್ಯ ಕೇಂದ್ರದಲ್ಲಿ ನರ್ಸಮ್ಮನ ಹತ್ತಿರ ಮೂಗಿಗೆ ಕೊಳವೆ ಹಾಕಿಸಿಕೊಂಡು ಮಲಗಿದ್ದಳು. ಅವಳ ಪಾಲಿನ ಉತ್ತರಗಳನ್ನೂ ನಾನೇ ಹೇಳಿದೆ. ನೀನು ಪಾಸಾಗದಿದ್ದರೆ ನನ್ನನ್ನು ಕೇಳು.

ಓದು. ಊಟ ಬಿಡಬೇಡ.

ಅತ್ತೆ


ಅಕ್ಟೋಬರ್ 18

ಅತ್ತೆಯವರಿಗೆ,

ನಲ್ಲಿ ಹತ್ತಿರದ ನಿಮ್ಮ ಭಾಷಣವನ್ನು ಕೇಳಿ ಹಾಸ್ಟೆಲಿನವರೆಲ್ಲ ಬಿದ್ದು ಬಿದ್ದು ನಕ್ಕರು. ನಾನೇ ಓದಿ ಹೇಳಿದೆ.

ಈಗ ಸುದ್ದಿ ಕೇಳಿ. ನಮ್ಮ ತರಗತಿಯಲ್ಲಿ ಒಬ್ಬೊಬ್ಬರೂ ಒಂದೊಂದು ಬೀದಿಯನ್ನು ಅಧ್ಯಯನ ಮಾಡಿದ್ದೇವೆ. ಸ್ವಾವಲಂಬನೆಯಲ್ಲಿ ಎಲ್ಲಕ್ಕಿಂತ ಮೇಲೆ ಬಂದದ್ದು ನಮ್ಮ ಬೀದಿ! ಕಸ ನಾವೇ ತೆಗೆಯುತ್ತೇವೆ, ಮಕ್ಕಳನ್ನು ಸರದಿಯಲ್ಲಿ ನೋಡಿಕೊಳ್ಳುತ್ತೇವೆ, ಕಾಯಿಲೆಯವರನ್ನು ನಾವೇ ಆರೈಕೆ ಮಾಡುತ್ತೇವೆ. ‘ಆರೋಗ್ಯ ಕೇಂದ್ರಕ್ಕೆ ಎಷ್ಟು ಸಲ ಹೋಗುತ್ತೀರಿ’ ಎಂಬ ಪ್ರಶ್ನೆಗೆ ಹೆಚ್ಚುಕಡಿಮೆ ಎಲ್ಲರೂ ‘ಅಪರೂಪಕ್ಕೆ’ ಎಂದಿದ್ದಾರೆ. ಗಿರಣಿ ಮುಚ್ಚಿ ಹತ್ತಿಯ ಧೂಳು ನಿಂತ ಮೇಲೆ ಎಲ್ಲರ ಎದೆ ತಿಳಿಯಾಗುತ್ತಿದೆ ಎಂದು ಖುಷಿಯಾಯಿತು.

ನಮ್ಮ ಪ್ರೊಫೆಸರ್ ಮೇಡಂ ಸುಮ್ಮನೆ ಹೊಗಳುವವರಲ್ಲ. ಅವರು ನನ್ನ ಕೋಷ್ಟಕಗಳನ್ನು ನೋಡಿ ಎದ್ದು ನಿಂತು ಕೈ ಕುಲುಕಿದರು. ಗಿರಣಿ ಬೀದಿಯಿಂದ ಬಂದವಳು ಎಂದು ಹೇಳಿಕೊಳ್ಳಲು ಇಲ್ಲಿ ಮೊದಲ ವರ್ಷ ನಾಚುತ್ತಿದ್ದೆ. ಈಗ ನಾನೇ ಮುಂದೆ ಬಿದ್ದು ಹೇಳುತ್ತೇನೆ. ಈ ಅಧ್ಯಯನಕ್ಕೆ ಅಲ್ಲಿಯ ನಗರಸಭೆಯ ನೆರವಿರುವುದರಿಂದ ಅವರಿಗೂ ಒಂದು ಪ್ರತಿ ಹೋಗಿದೆ. ಬೀದಿಗೆ ಏನಾದರೂ ಒಳ್ಳೆಯದಾಗುತ್ತದೆ ನೋಡುತ್ತಿರಿ.

ನಿಮ್ಮ ಸೊಸೆ


ಡಿಸೆಂಬರ್ 6

ಸೊಸೆಗೆ,

ಗುಂಡುಕಲ್ಲು ಇದ್ದಲ್ಲೇ ಇದೆ, ಚಿಂತೆ ಬೇಡ.

ನಗರಸಭೆಯವರು ಬಂದು ಬೀದಿಯ ಬಾಯಿಗೆ ನೀಲಿ ಬೋರ್ಡು ನೆಟ್ಟು ಹೋದರು. ‘ಮಾದರಿ ಸುಸ್ಥಿರ ಬೀದಿ’ ಅಂತ ಬರೆದಿದೆ. ಅಧ್ಯಕ್ಷರು ಭಾಷಣ ಮಾಡಿದರು, ನನಗೆ ಒಂದಕ್ಷರ ಕೇಳಿಸಲಿಲ್ಲ, ಆದರೂ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ್ದು ನಾನೇ. ನನ್ನ ಮಗ ಇದ್ದಿದ್ದರೆ ಆ ಬೋರ್ಡಿನ ಕೆಳಗೆ ನಿಂತು ಬಂದವರಿಗೆಲ್ಲ ‘ಇದು ನನ್ನ ಹೆಂಡತಿ ಬರೆದದ್ದು’ ಅಂತ ಹೇಳಿಕೊಂಡು ತಲೆ ತಿನ್ನುತ್ತಿದ್ದ. ಅವನ ಬದಲು ಈಗ ದರ್ಜಿ ತಿನ್ನುತ್ತಿದ್ದಾನೆ.

ನರ್ಸಮ್ಮನಿಗೆ ವರ್ಗವಾಯಿತು. ಕೋಣೆಗೆ ಬೀಗ ಹಾಕಿದ್ದಾರೆ. ಯಾವುದೋ ಕಡಿಮೆ ನಂಬರು ಬಂದ ಬೀದಿಗೆ ಕಳಿಸಿದರಂತೆ, ಅಲ್ಲಿಯವರಿಗೂ ಬೇಕಲ್ಲ. ಹೋಗುವಾಗ ಅತ್ತಳು, ಒಳ್ಳೆಯ ಹೆಂಗಸು. ಅಂಚೆಯವನೂ ಈಗ ವಾರಕ್ಕೊಮ್ಮೆ ಮಾತ್ರ ಬರುತ್ತಾನೆ. ಮಾದರಿಯಾದ ಮೇಲೆ ಎಲ್ಲರಿಗೂ ನಮ್ಮನ್ನು ನೋಡಿದರೆ ಹೆದರಿಕೆ ಇರಬೇಕು.

ಚಳಿ ಜಾಸ್ತಿ. ಪಿಟೀಲು ಮಂಚದ ತುಂಬ ಕೈಕಾಲು ಬಿಟ್ಟು ಮಲಗುತ್ತಾಳೆ, ಅವಳಿಗೆ ಜಾಗ ಆಗಲಿ ಅಂತ ನಾನು ಗೋಡೆಗೆ ದಿಂಬು ಒರಗಿಸಿ ಕೂತೇ ನಿದ್ದೆ ಮಾಡುತ್ತೇನೆ. ಕೂತು ನಿದ್ದೆ ಮಾಡುವ ಸುಖ ನಿನಗೆ ಗೊತ್ತಿಲ್ಲ.

ಅತ್ತೆ


ಜನವರಿ 2

ಅತ್ತೆಯವರಿಗೆ,

ನಿಮ್ಮ ಪತ್ರದಲ್ಲಿ ನರ್ಸಮ್ಮನ ವರ್ಗದ ಮಾತು ಓದಿದ ಕೂಡಲೇ ನಗರಸಭೆಯ ಆದೇಶವನ್ನು ಇಲ್ಲಿಂದ ಬರೆದು ತರಿಸಿಕೊಂಡೆ. ಕಾರಣ ಎಂಬಲ್ಲಿ ನನ್ನ ಕೋಷ್ಟಕವನ್ನೇ ಹಾಕಿದ್ದಾರೆ. ‘ಸದರಿ ಬೀದಿಗೆ ಹೊರಗಿನ ಆರೋಗ್ಯ ಸೇವೆಯ ಅಗತ್ಯ ಅತ್ಯಲ್ಪ.’ ಆ ವಾಕ್ಯ ನನ್ನದು ಅತ್ತೆ. ಅದರ ಕೊನೆಯ ಪದಕ್ಕಾಗಿ ನಾನೊಂದು ಮಧ್ಯಾಹ್ನವೆಲ್ಲ ಯೋಚಿಸಿದ್ದೆ.

ನಿಮ್ಮ ಆಗಸ್ಟಿನ ಪತ್ರವನ್ನು ಮತ್ತೆ ಓದಿದೆ. ನಾನು ನಗುತ್ತ ಓದಿ ಹೇಳಿದ ಪತ್ರವದು. ದರ್ಜಿಯ ಹೆಂಡತಿ ಕೊಳವೆ ಹಾಕಿಕೊಂಡು ಮಲಗಿದ್ದಾಗ ಅವರ ಪರವಾಗಿ ನೀವು ಏನು ಉತ್ತರ ಹೇಳಿದಿರಿ? ಬೀದಿಯವರೆಲ್ಲ ಏನು ಹೇಳಿದರು? ನಿಮ್ಮ ದಮ್ಮಯ್ಯ, ತಮಾಷೆ ಮಾಡದೆ ಬರೆಯಿರಿ. ಅಲ್ಲಿ ಎಷ್ಟು ಜನರಿಗೆ ನರ್ಸಮ್ಮನ ಆಕ್ಸಿಜನ್ ಸಿಲಿಂಡರ್ ಬೇಕಿತ್ತು? ನಿಮಗೆ ಬೇಕಿತ್ತೇ?

ಸೊಸೆ


ಜನವರಿ 20

ಸೊಸೆಗೆ,

ತಮಾಷೆ ಬೇಡ ಅಂದೆ, ಸರಿ, ಇಲ್ಲ.

ದರ್ಜಿಯ ಹೆಂಡತಿ ಹೋದಳು. ಆ ದಿನ ಮಂಜು ಬಹಳ ಇತ್ತು. ನಾವು ಅವಳನ್ನು ಕುರ್ಚಿಯಲ್ಲಿ ಕೂರಿಸಿಕೊಂಡು ದೊಡ್ಡ ರಸ್ತೆಯ ತನಕ ಹೊತ್ತೆವು. ಗಾಡಿಯವನೊಬ್ಬ ನಿಂತ, ಅವಳ ಮುಖ ನೋಡಿ ಹೊರಟುಹೋದ. ಇನ್ನೊಬ್ಬ ಹತ್ತಿಸಿಕೊಂಡ. ದೊಡ್ಡಾಸ್ಪತ್ರೆಯ ಗೇಟಿನ ಒಳಗೆ ಹೋದೆವು, ಬಾಗಿಲಿನ ಒಳಗೆ ಹೋಗಲಿಲ್ಲ. ಇದನ್ನು ಬರೆಯಬಾರದು ಅಂದುಕೊಂಡಿದ್ದೆ. ನೀನು ಕೇಳಿದೆ.

ಏನು ಉತ್ತರ ಹೇಳಿದೆವು ಅಂತ ಕೇಳುತ್ತೀಯಲ್ಲ. ಪದವಿ ಇದರ ಮೇಲೆ ನಿಂತಿದೆ ಅಂತ ಬರೆದವಳು ನೀನು. ಪರೀಕ್ಷೆ ಅಂದ ಮೇಲೆ ಸರಿ ಉತ್ತರ ಹೇಳಬೇಕಲ್ಲ? ‘ನೀವು ಕಾಯಿಲೆಯವರನ್ನು ಹೇಗೆ ನೋಡಿಕೊಳ್ಳುತ್ತೀರಿ’ ಅಂದ. ‘ನಮಗೆ ಆಗೋದಿಲ್ಲಪ್ಪ’ ಅಂದರೆ ನಿನಗೆ ಸೊನ್ನೆ ಕೊಡುತ್ತಾರೆ ಅಂದುಕೊಂಡೆವು. ಎಲ್ಲರೂ ನಾವೇ ನೋಡ್ಕೋತೀವಿ, ನಾವೇ ನೋಡ್ಕೋತೀವಿ ಅಂದೆವು. ದರ್ಜಿಯ ಹೆಂಡತಿಗೆ ಏನೂ ಇಲ್ಲ, ಹತ್ತು ಬಟ್ಟೆಗೆ ಕಾಜಾ ಹಾಕುತ್ತಾಳೆ ಅಂತ ನಾನೇ ಬರೆಸಿದೆ. ನರ್ಸಮ್ಮ ಹೋದದ್ದು ಅದಕ್ಕೇ ಅಂತ ಬೀದಿಯಲ್ಲಿ ಯಾರಿಗೂ ಗೊತ್ತಿಲ್ಲ. ನರ್ಸಮ್ಮ ನನಗೊಬ್ಬಳಿಗೇ ಹೇಳಿ ಹೋದಳು. ದರ್ಜಿಯ ಮುಖ ನೋಡುವುದಕ್ಕೆ ನನಗೆ ಆಗುತ್ತಿಲ್ಲ. ಅವನು ದಿನಾ ಬಂದು ‘ಅಕ್ಕಾ, ನಮ್ಮ ಹುಡುಗಿ ರಿಸಲ್ಟು ಬಂತಾ’ ಅಂತ ಕೇಳುತ್ತಾನೆ.

ಇದನ್ನೆಲ್ಲ ನಿನ್ನ ಮೇಡಂ ಹತ್ತಿರ ಬಾಯಿಬಿಡಬೇಡ. ನಿನ್ನ ಪುಸ್ತಕ ಹರಿದುಹಾಕಿದರೆ ಅವಳು ಸತ್ತದ್ದೂ ದಂಡ, ನಾವು ಹೇಳಿದ್ದೂ ದಂಡ. ನನಗೇನೂ ಇಲ್ಲ. ನಲ್ಲಿಯಿಂದ ಬರುವಾಗ ನಡುವೆ ಒಂದೆರಡು ಕಡೆ ನಿಂತು ಬೀದಿ ನೋಡುತ್ತೇನೆ, ಅಷ್ಟೇ. ವಯಸ್ಸಾದ ಮೇಲೆ ಬೀದಿ ನೋಡಬೇಕು ಅನ್ನಿಸುತ್ತದೆ.

ಅತ್ತೆ


ಫೆಬ್ರವರಿ 8

ಅತ್ತೆಯವರಿಗೆ,

ಆ ಪತ್ರ ಓದಿದ ಮೇಲೆ ನನ್ನ ಕೈಗೆ ಪೆನ್ನು ಬರಲು ಇಷ್ಟು ದಿನ ಬೇಕಾಯಿತು. ಕಾಜಾ ಹಾಕುವಾಗ ದಾರ ಕಚ್ಚಿ ಕತ್ತರಿಸುತ್ತಿದ್ದ ಅವರ ಹಲ್ಲೇ ಕಣ್ಣಿಗೆ ಕಟ್ಟುತ್ತದೆ. ಪಿಟೀಲಿಗೆ ಮೊದಲ ಅಂಗಿ ಹೊಲಿದುಕೊಟ್ಟವರು.

ನೀವು ಬೇಡವೆಂದರೂ ನಾನು ಮೇಡಂಗೆ ಎಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ. ಆದರೆ ನನ್ನ ಬಾಯಿಮಾತಿನ ಮೇಲೆ ಕೋಷ್ಟಕ ಬದಲಾಗುವುದಿಲ್ಲ, ನಗರಸಭೆಯವರೂ ನಮ್ಮವರೂ ಒಟ್ಟಿಗೆ ಬಂದು ಇನ್ನೊಮ್ಮೆ ಬೀದಿಯವರನ್ನೇ ಕೇಳಬೇಕು ಎಂದರು. ಈ ತಿಂಗಳಲ್ಲಿ ಯಾವತ್ತಾದರೂ ಬರುತ್ತಾರೆ, ದಿನ ನನಗೆ ತಿಳಿಸುವುದಿಲ್ಲ. ನಾನು ಅಲ್ಲಿಗೆ ಬರಬಾರದು, ಮುಂಚಿತವಾಗಿ ಯಾರಿಗೂ ಹೇಳಬಾರದು. ಈ ಪತ್ರ ಬರೆಯುವುದೇ ತಪ್ಪು. ಬರೆಯುತ್ತಿದ್ದೇನೆ.

ಈ ಸಲ ಇದ್ದದ್ದನ್ನು ಇದ್ದ ಹಾಗೆ ಹೇಳಿ. ಯಾರಿಗೆ ಉಸಿರು ಕಟ್ಟುತ್ತದೆಯೋ ಅವರು ಕೆಮ್ಮಲಿ, ಮಲಗಿದವರು ಮಲಗಿಯೇ ಇರಲಿ. ನೀವು ಹೇಳಿದರೆ ಬೀದಿ ಕೇಳುತ್ತದೆ, ಮತ್ತೊಮ್ಮೆ ನಲ್ಲಿಯ ಹತ್ತಿರ ಎಲ್ಲರನ್ನೂ ಸೇರಿಸಿ. ನಾನು ಫೇಲಾದರೂ ಪರವಾಗಿಲ್ಲ ಅತ್ತೆ, ಇನ್ನೊಂದು ವರ್ಷ ಓದಬಹುದು. ನರ್ಸಮ್ಮ ವಾಪಸು ಬರಬೇಕು. ಕೂತು ನಿದ್ದೆ ಮಾಡುವ ಸುಖ ಎಂದಿರಲ್ಲ, ಅದರ ಅರ್ಥವನ್ನು ಇಲ್ಲೊಬ್ಬ ಡಾಕ್ಟರನ್ನು ಕೇಳಿ ತಿಳಿದುಕೊಂಡೆ. ನನ್ನ ಹತ್ತಿರವೂ ಸುಳ್ಳು ಹೇಳುತ್ತೀರಾ?

ಸೊಸೆ


ಫೆಬ್ರವರಿ 19

ಸೊಸೆಗೆ,

ನಿನ್ನಿಂದ ಕಾಗದ ಬಂದು ತಿಂಗಳಾಯಿತು. ಸಿಟ್ಟು ಬಂದಿದ್ದರೆ ಬರಲಿ, ಮೊದಲು ಇದನ್ನು ಓದು, ಆಮೇಲೆ ಸಿಟ್ಟಾಗು.

ನಿನ್ನೆ ಇದ್ದಕ್ಕಿದ್ದ ಹಾಗೆ ಒಂದು ಜೀಪು ತುಂಬ ಜನ ಬಂದರು. ನಗರಸಭೆಯವರು, ನಿನ್ನ ಕಾಲೇಜಿನವರು. ‘ಹೋದ ಸಲ ಕೊಟ್ಟ ಉತ್ತರ ನಿಜವೇ ಅಂತ ನೋಡೋಕೆ ಬಂದಿದ್ದೀವಿ’ ಅಂದರಂತೆ. ಯಾವ ಪಾಪಿಯೋ ನಿನ್ನ ಮೇಲೆ ದೂರು ಕೊಟ್ಟಿದ್ದಾನೆ ಅಂತ ಎಲ್ಲರಿಗೂ ತಕ್ಷಣ ಗೊತ್ತಾಯಿತು. ನಾನು ಯಾರಿಗೂ ಏನೂ ಹೇಳಿಕೊಡಬೇಕಾಗಲಿಲ್ಲ. ಕಣ್ಣಲ್ಲೇ ಕಣ್ಣಲ್ಲೇ ಬೀದಿಯ ಈ ತುದಿಯಿಂದ ಆ ತುದಿಗೆ ಸುದ್ದಿ ಹೋಯಿತು.

ಎಂಥ ಜನ ಅಂತೀಯ! ಮೂಲೆಮನೆ ಮುದುಕ ಹಾಸಿಗೆ ಬಿಟ್ಟು ಎದ್ದು ಬಂದು ಜಗುಲಿಯಲ್ಲಿ ಪೇಪರು ಹಿಡಿದು ಕೂತ. ಅವನಿಗೆ ಓದು ಬರುವುದಿಲ್ಲ. ದರ್ಜಿಯನ್ನು ಕೇಳಿದರು, “ನಿಮ್ಮ ಹೆಂಡತಿ ಎಲ್ಲಿ?” ಅವನು ಹೊಲಿಗೆ ನಿಲ್ಲಿಸಲೇ ಇಲ್ಲ. “ತವರಿಗೆ ಹೋಗಿದ್ದಾಳೆ ಸಾರ್, ಚೆನ್ನಾಗಿದ್ದಾಳೆ” ಅಂದ. ಅವರು ಹೋದ ಮೇಲೆ ಮಷೀನಿನ ಮೇಲೆ ತಲೆ ಇಟ್ಟುಕೊಂಡು ಬಹಳ ಹೊತ್ತು ಕೂತಿದ್ದ.

ನನ್ನ ಮುಂದೆ ಒಬ್ಬ ಮೇಡಂ ಕೂತು ಕಾಗದದ ಮೇಲೆ ಬರೆದು ಬರೆದು ಕೇಳಿದಳು. ನಿನ್ನವಳೇ ಇರಬೇಕು, ಮುಖದಲ್ಲಿ ಅಂತಃಕರಣ ಇತ್ತು. ‘ನಿಜ ಹೇಳಿ, ನಿಮಗೆ ಉಸಿರಾಟಕ್ಕೆ ತೊಂದರೆ ಇದೆಯಾ’ ಅಂತ ಬರೆದಳು. ಕೆಮ್ಮು ಗಂಟಲ ತನಕ ಬಂದಿತ್ತು, ನುಂಗಿದೆ. ಕಣ್ಣಲ್ಲಿ ನೀರು ಬಂತು. ಸೊಸೆಯನ್ನು ನೆನೆಸಿಕೊಂಡು ಅತ್ತೆ ಅಳುತ್ತಿದ್ದಾಳೆ ಅಂತ ಅವಳೂ ಕಣ್ಣೊರೆಸಿಕೊಂಡಳು. ಅವಳು ಹೋಗುವ ತನಕ ಎದ್ದು ನಿಂತೇ ಇದ್ದೆ. ಜೀಪು ತಿರುಗಿದ ಮೇಲೆ ಕೂತೆ.

ನಿನ್ನನ್ನು ಎರಡನೇ ಸಲ ಪಾಸು ಮಾಡಿಸಿದ್ದೇವೆ. ಇನ್ನು ಯಾರೂ ನಿನ್ನ ಕೂದಲು ಕೊಂಕಿಸಲಾರರು.

ಅತ್ತೆ

ಲಕೋಟೆ ಅಂಟಿಸುವ ಮುಂಚೆ ಅಂಚೆಯವನು ಬಂದ. ನಿನ್ನ ಎಂಟನೇ ತಾರೀಖಿನ ಕಾಗದ ಕೊಟ್ಟ. ಓದಿದೆ.

ಬೀದಿಯವರಿಗೆ ನಾನಿದನ್ನು ಹೇಳುವುದಿಲ್ಲ. ದರ್ಜಿಗಂತೂ ಹೇಳುವುದಿಲ್ಲ. ನೀನೂ ಹೇಳಬೇಡ. ಆದದ್ದು ಆಯಿತು, ಪದವಿ ತೆಗೆದುಕೊಂಡೇ ಬಾ. ಬೇಗ ಬಾ.


ಮಾರ್ಚ್ 15

ಅತ್ತೆಯವರಿಗೆ,

ನಿಮ್ಮ ಪತ್ರದ ಕೊನೆಯ ಸಾಲುಗಳು ಗೆರೆ ಬಿಟ್ಟು ಕೆಳಗೆ ಇಳಿದಿದ್ದವು. ನನ್ನ ಮೇಲಿನ ಕೋಪದಲ್ಲಿ ಬರೆದಿರಿ ಎಂದುಕೊಂಡೆ. ಕೋಪ ಮಾಡಿಕೊಳ್ಳಿ. ಅಷ್ಟು ನನಗೆ ಆಗಬೇಕಾದ್ದೇ.

ಮೌಖಿಕ ಪರೀಕ್ಷೆ ಮುಗಿಯಿತು. ನಾನು ಪಾಸಾದೆ, ಮೊದಲ ದರ್ಜೆ. ನಮ್ಮ ನಗರಸಭೆಯಲ್ಲೇ ನನಗೆ ಕೆಲಸವನ್ನೂ ಕೊಡುತ್ತಾರಂತೆ. ಬೀದಿಯವರಿಗೆಲ್ಲ ಇದನ್ನು ಹೇಳಿ.

ಮುಂದಿನದನ್ನು ನೀವೊಬ್ಬರೇ ಓದಿಕೊಳ್ಳಿ. ಪರೀಕ್ಷಕರ ಮುಂದೆ ನಾನು ಎದ್ದು ನಿಂತು ಎಲ್ಲವನ್ನೂ ಹೇಳಿದೆ. ನನ್ನ ಬೀದಿಯವರು ನನ್ನನ್ನು ಪಾಸು ಮಾಡಿಸಲು ಎರಡು ಸಲ ಸುಳ್ಳು ಹೇಳಿದರು, ಅದರಿಂದ ನರ್ಸ್ ಹೋದರು, ನರ್ಸ್ ಇಲ್ಲದೆ ದರ್ಜಿಯ ಹೆಂಡತಿ ಸತ್ತರು, ಈ ಪ್ರಬಂಧ ಸುಳ್ಳು ಎಂದೆ. ಆಮೇಲೆ ಹಿರಿಯ ಪರೀಕ್ಷಕರು ಕನ್ನಡಕ ತೆಗೆದು ಹೇಳಿದರು, “ಇಡೀ ಬೀದಿ ಒಬ್ಬಳಿಗೋಸ್ಕರ ಒಂದೇ ಮಾತು ಹೇಳಿದೆ ಅಂದ್ರೆ, ಇದಕ್ಕಿಂತ ಗಟ್ಟಿ ಸಮುದಾಯ ಎಲ್ಲಿ ಸಿಗುತ್ತಮ್ಮಾ? ಇದನ್ನೇ ಕೊನೇ ಅಧ್ಯಾಯ ಮಾಡಿ.” ಉಳಿದವರು ತಲೆಯಾಡಿಸಿದರು. ಮೇಡಂ ನನ್ನ ಕಡೆ ನೋಡಲಿಲ್ಲ. ನಾನು ಇಲ್ಲ ಎಂದು ಎದ್ದು ಬರಬಹುದಿತ್ತು. ಪಿಟೀಲಿನ ಮುಖ ಕಣ್ಣ ಮುಂದೆ ಬಂತು, ಆ ಅಧ್ಯಾಯಕ್ಕೆ ಒಪ್ಪಿ ಸಹಿ ಹಾಕಿದೆ.

ಎರಡೆರಡು ಸಲ ಬೇಡವೆಂದ ಬೀದಿಗೆ ನರ್ಸನ್ನು ಯಾವ ಲೆಕ್ಕದಲ್ಲಿ ಕಳಿಸುವುದು ಎಂದು ನಗರಸಭೆಯವರು ಕೇಳುತ್ತಾರೆ. ನಾನು ಆ ಕುರ್ಚಿಯಲ್ಲಿ ಕೂತ ಮೇಲೆ ಮೊದಲು ಮಾಡುವ ಕೆಲಸ ಅದೇ. ಅಲ್ಲಿಯ ತನಕ ನನಗೋಸ್ಕರ ಉಸಿರು ಹಿಡಿದುಕೊಂಡಿರಿ. ಆ ಹೊಸ ಅಧ್ಯಾಯವನ್ನು ಓದಲು ನನ್ನನ್ನು ಬೇರೊಂದು ಊರಿನ ಸಮ್ಮೇಳನಕ್ಕೆ ಕಳಿಸುತ್ತಿದ್ದಾರೆ. ತಿಂಗಳ ಕೊನೆಯ ತನಕ ಅಲ್ಲೇ ಇರುತ್ತೇನೆ, ವಿಳಾಸ ಹಿಂದುಗಡೆ ಇದೆ. ಅಲ್ಲಿಂದ ನೇರವಾಗಿ ಮನೆಗೆ ಬರುತ್ತೇನೆ.

ನಿಮ್ಮ ಸೊಸೆ


ಮಾರ್ಚ್ 24

ಮಗಳೇ,

ನಾನು ಪಕ್ಕದ ಮನೆ ದರ್ಜಿ. ಎದೆ, ಸೊಂಟ, ತೋಳು ಬಿಟ್ಟು ಬೇರೇನೂ ಬರೆದು ಅಭ್ಯಾಸ ಇಲ್ಲ, ತಪ್ಪಿದ್ದರೆ ಹೊಟ್ಟೆಗೆ ಹಾಕ್ಕೋ.

ಅಕ್ಕ ಹೋದರು. ಮೊನ್ನೆ ಬೆಳಿಗ್ಗೆ ನಲ್ಲಿ ಹತ್ತಿರ ಕೊಡ ಇಟ್ಟು ಬೀದಿ ನೋಡ್ತಾ ನಿಂತಿದ್ರು. ದಿನಾ ಹಾಗೇ ನಿಲ್ತಿದ್ರು, ನಾವು ಯಾರೂ ಗಮನಿಸಲಿಲ್ಲ. ಆಮೇಲೆ ಕೂತರು. ಗಾಳಿ ಎಳೆಯೋಕೆ ಆಗ್ತಿರಲಿಲ್ಲ. ಎತ್ತಿಕೊಂಡು ಗಿರಣಿ ಗೇಟಿಗೆ ಓಡಿದೆವು, ಬೀಗ ಒಡೆದೆವು. ಸಿಲಿಂಡರ್ ಏನಾದರೂ ಬಿಟ್ಟು ಹೋಗಿರ್ತಾರೆ ಅಂತ ಒಂದು ಆಸೆ. ಒಳಗೆ ಮಂಚ ಕೂಡ ಇರಲಿಲ್ಲ. ಕೊಳವೆ ನೇತುಹಾಕ್ತಿದ್ದ ಮೊಳೆ ಗೋಡೆ ಮೇಲೆ ಇತ್ತು. ಅಕ್ಕನ್ನ ಅಲ್ಲೇ ನೆಲದ ಮೇಲೆ ಮಲಗಿಸಿದೆವು. ಕೈಸನ್ನೆ ಮಾಡಿ ಎತ್ತಿ ಕೂರಿಸಿಕೊಳ್ಳೋಕೆ ಹೇಳಿದರು. ನನ್ನ ಎದೆಗೆ ಒರಗಿ ಕೂತೇ ಹೋದರು.

ಮಣ್ಣು ಮಾಡಿ ಬಂದ ಮೇಲೆ ಅಂಚೆಯವನು ಬಂದ. ನಿನ್ನ ಕಾಗದ ನಾನೇ ಒಡೆದೆ, ವಿಳಾಸ ಬೇಕಿತ್ತು. ಬೀದಿಯವರೆಲ್ಲ ಬಾಗಿಲಲ್ಲಿ ನಿಂತು ಓದು ಓದು ಅಂದರು. ನೀನು ಪಾಸಾದದ್ದನ್ನ, ಕೆಲಸ ಸಿಕ್ಕಿದ್ದನ್ನ ಜೋರಾಗಿ ಓದಿ ಹೇಳಿದೆ. ಮೂಲೆಮನೆ ಮುದುಕ ಅಳ್ತಾ ಅಳ್ತಾನೇ ಚಪ್ಪಾಳೆ ತಟ್ಟಿದ. ಮುಂದಿನದನ್ನ ಮನಸ್ಸಿನಲ್ಲೇ ಓದ್ಕೊಂಡೆ. ಅಷ್ಟೇ ಇರೋದು ಅಂತ ಹೇಳಿ ಮಡಿಚಿ ಜೇಬಿಗೆ ಹಾಕ್ಕೊಂಡೆ. ನನ್ನ ಹೆಂಡತಿ ತವರಿಗೆ ಹೋಗಿದ್ದಾಳೆ ಅಂತ ನಾನೇ ಹೇಳಿದವನು, ನಿನ್ನ ಮೇಲೆ ಏನು ಹೇಳಲಿ.

ಪಿಟೀಲು ನನ್ನ ಮನೇಲಿದ್ದಾಳೆ. ಮಷೀನಿನ ಕೆಳಗೆ ಕೂತ್ಕೊಂಡಿರ್ತಾಳೆ. ಅಳ್ತಾ ಇಲ್ಲ, ಅದಕ್ಕೇ ನನಗೆ ಹೆದರಿಕೆ. ಬೇಗ ಬಾ.

ಇನ್ನೊಂದು ವಿಷಯ. ಬರೋ ವಾರ ನಗರಸಭೆಯಿಂದ ಮತ್ತೆ ಕೇಳೋಕೆ ಬರ್ತಾರಂತೆ, ಈ ಸಲ ಶಾಲೆ ಬಗ್ಗೆ. ಬೀದಿಗೆ ಶಾಲೆ ಬೇಕಾ, ನೀವೇ ನಡೆಸ್ಕೋತೀರಾ ಅಂತ. ನೀನು ಅಲ್ಲೇ ಕೆಲಸಕ್ಕೆ ಸೇರೋಳು, ನಿನಗೆ ಕಪ್ಪುಚುಕ್ಕೆ ಬರಬಾರದು ಅಂತ ಎಲ್ಲರೂ ಯೋಚನೆ ಮಾಡ್ತಿದ್ದಾರೆ. ಹೇಳಿಕೊಡೋಕೆ ಈಗ ಅಕ್ಕನೂ ಇಲ್ಲ. ನಾವು ಏನು ಹೇಳಬೇಕು ಅಂತ ನೀನೇ ಬರೆದು ಕಳಿಸು. ಹಾಗೇ ಹೇಳ್ತೀವಿ.